ನೊಗ ಕಂಡ ಹೆಗಲು

ದುರುಗಣ್ಣನ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಸಿಗುತ್ತಾರೆ. ಗುಡೇಕೋಟೆ ಸುತ್ತಿನ ಹಟ್ಟಿಗಳಲ್ಲಿ ಅವನ ಕಾಲು ಮುಟ್ಟಿ ನಮಸ್ಕರಿಸಿದವರು ಇನ್ನೂ ಬದುಕಿದ್ದಾರೆ. ಆ ಸಾಲಿನಲ್ಲಿ ನಮ್ಮ ಮನೆಯವರು ಎಂದೂ ನಿಂತವರಲ್ಲ. ನಾನು ಹುಲುಗಣ್ಣನ ಮಗಳು ನಾಗರತ್ನ. ವರ್ಷಗಟ್ಟಲೆ ನಮ್ಮ ಮನೆಯನ್ನು ಹಟ್ಟಿಯಿಂದ ಹೊರಗೆ ಇರಿಸಿದ್ದು ದುರುಗಣ್ಣನ ಒಂದು ಮಾತು. ಆದರೂ ಅವನ ಕಥೆಯನ್ನು ಬೇರೆಯವರ ಬಾಯಿಗೆ ಬಿಡಲು ನನಗೆ ಮನಸ್ಸಿಲ್ಲ. ಅವರು ಅವನನ್ನು ಒಂದೋ ಸಾಧು ಮಾಡುತ್ತಾರೆ, ಇಲ್ಲವೇ ಕಳ್ಳ ಮಾಡುತ್ತಾರೆ. ಅವನು ಎರಡೂ ಆಗಿರಲಿಲ್ಲ. ಇದರಲ್ಲಿ ಕೆಲವನ್ನು ನಾನು ಕಣ್ಣಾರೆ ಕಂಡೆ, ಉಳಿದದ್ದನ್ನು ಅವನ ಅಕ್ಕ ಎರ್ರೆಮ್ಮ ನನಗೆ ಮುಚ್ಚುಮರೆಯಿಲ್ಲದೆ ಹೇಳಿದಳು.

ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು ಒಳಗೆ ಬಂದರೆ ಕುರುಚಲು ಗುಡ್ಡಗಳ ಮಗ್ಗುಲಲ್ಲಿ ನಮ್ಮ ಹಟ್ಟಿ. ಹಟ್ಟಿಗೆ ದೇವರ ದನದ ಮಂದೆಯೊಂದಿದೆ. ಆ ದನಗಳನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅವು ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು, ಓಲೈಸಿ ಆಚೆ ಕಳಿಸಬೇಕು. ದೇವರ ಎತ್ತಿನ ಹೆಗಲ ಮೇಲೆ ನೊಗವನ್ನಂತೂ ಇಡಲೇಬಾರದು. ಈ ಮಂದೆ ಕಾಯುವವನೇ ಕಿಲಾರಿ. ಅವನು ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ, ಮನೆಯೊಳಗೆ ಮಲಗುವುದಿಲ್ಲ. ದನ ಕೂಡುವ ಮುಳ್ಳುಬೇಲಿಯ ರೊಪ್ಪದ ಪಕ್ಕದ ಗುಡಿಸಲೇ ಅವನ ಮನೆ, ಊಟ ಹಟ್ಟಿಯವರು ಕೊಟ್ಟದ್ದು. ದುರುಗಣ್ಣ ಮೀಸೆ ಮೂಡುವ ಮೊದಲೇ ಕಿಲಾರಿಯಾದವನು. ತಾಯಿತಂದೆ ಇಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು ಎರ್ರೆಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ಅಪ್ಪನ ತುಂಡು ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದ ಗಟ್ಟಿ ಹೆಂಗಸು.

ನಮ್ಮ ಹಟ್ಟಿಯ ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ದೇವರ ಎತ್ತು ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಮಣ್ಣು ಹಾಕುವ ಮೊದಲು ಕಿಲಾರಿ ಗುಂಡಿಗೆ ಇಳಿಯಬೇಕು, ಸತ್ತ ಎತ್ತಿನ ಹೆಗಲ ಮೇಲೆ ಬಲಗೈ ಇಡಬೇಕು, ಇಡೀ ಹಟ್ಟಿ ಕೇಳುವಂತೆ ‘ಈ ಹೆಗಲು ನೊಗ ಕಂಡಿಲ್ಲ’ ಎಂದು ಹೇಳಬೇಕು. ಆಮೇಲೆಯೇ ಮಣ್ಣು. ಆ ಮಾತು ಸುಳ್ಳಾದರೆ ಮಂದೆಯೇ ಉಳಿಯುವುದಿಲ್ಲ ಎಂದು ಹಿರಿಯರ ನಂಬಿಕೆ. ಸುಳ್ಳು ಹೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ, ಹಾಗಾಗಿ ಪರೀಕ್ಷೆಯೂ ಆಗಿರಲಿಲ್ಲ.

ತೊಂಬತ್ನಾಲ್ಕರ ಸೀತಾಫಲದ ಕಾಲ. ನಾನಾಗ ನಾಲ್ಕನೇ ಕ್ಲಾಸು. ಆ ದಿನ ಎರ್ರೆಮ್ಮ ಗಾಡಿ ಹೂಡಿಕೊಂಡು ಗುಡ್ಡದ ಬುಡದಲ್ಲಿದ್ದ ತನ್ನ ಹೊಲಕ್ಕೆ ಬಂದಿದ್ದಳು. ಎತ್ತುಗಳನ್ನು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಪುಟ್ಟಿ ಹಿಡಿದು ಹಣ್ಣು ಕೀಳಲು ಇಳಿಜಾರು ಹತ್ತಿದಳು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸೀತಾಫಲಕ್ಕೆ ಗಿರಾಕಿ ಜಾಸ್ತಿ. ಆದರೆ ಕರಡಿಗೂ ಅದೇ ಹಣ್ಣು ಬೇಕು. ಪೊದೆಯ ಆ ಕಡೆ ಅದು, ಈ ಕಡೆ ಇವಳು. ಕಣ್ಣಿಗೆ ಕಣ್ಣು ಬಿದ್ದದ್ದು ತೀರ ಹತ್ತಿರವಾದ ಮೇಲೆ.

ಮೇಲೆ ಮಂದೆ ಮೇಯಿಸುತ್ತಿದ್ದ ದುರುಗಣ್ಣ ಕಿರುಚಾಟ ಕೇಳಿ ಓಡಿ ಬಂದ. ನಾಯಿ ಛೂ ಬಿಟ್ಟು, ಕೋಲು ಬೀಸಿ ಕರಡಿಯನ್ನು ಓಡಿಸುವ ಹೊತ್ತಿಗೆ ಅಕ್ಕನ ಮುಖದ ಒಂದು ಪಕ್ಕ ಕಿತ್ತುಹೋಗಿತ್ತು. ಅವಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೊಲಕ್ಕೆ ಇಳಿದ. ಬೇವಿನ ಮರದ ಕೆಳಗೆ ಗಾಡಿ ಇತ್ತು, ಎತ್ತು ಮಾತ್ರ ಒಂದೇ ಇತ್ತು. ಇನ್ನೊಂದು ಕರಡಿಯ ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಓಡಿತ್ತು. ಸೇಂಗಾ ಕೀಳುವ ಕಾಲವಾದ್ದರಿಂದ ಹಟ್ಟಿಯ ಜನರೆಲ್ಲ ಗುಡ್ಡದ ಆಚೆ ಹೊಲಗಳಲ್ಲಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿತೇ ಹೊರತು ಯಾರೂ ಓಗೊಡಲಿಲ್ಲ. ಓಡಿದ ಎತ್ತನ್ನು ಹುಡುಕಲು ಹೋದರೆ ಅಕ್ಕ ಉಳಿಯುತ್ತಿರಲಿಲ್ಲ.

ಮಂದೆಯ ಮುಂದಾಳು ಒಂದು ಬಿಳಿ ಎತ್ತು. ಹಟ್ಟಿಯವರು ಅದನ್ನು ಪಟ್ಟದ ಎತ್ತು ಎನ್ನುತ್ತಿದ್ದರು. ದುರುಗಣ್ಣ ಎಲ್ಲಿಗೆ ಹೋದರೂ ಹಿಂದೆ ಬರುವ ಆ ಎತ್ತು ಅಂದೂ ಇಳಿದು ಬಂದು ಗಾಡಿಯ ಪಕ್ಕ ನಿಂತಿತ್ತು. ದುರುಗಣ್ಣ ಅದರ ಕೊರಳು ಸವರಿದ. ನೊಗ ಎತ್ತಿ ಅದರ ಹೆಗಲ ಮೇಲೆ ಇಟ್ಟ.

ನೊಗ ಕಾಣದ ಎತ್ತನ್ನು ಪಳಗಿಸಲು ಎಷ್ಟು ಹೆಣಗಬೇಕೆಂದು ಬೇಸಾಯ ಮಾಡಿದವರಿಗೆ ಗೊತ್ತು. ಒದೆಯುತ್ತದೆ, ದಾರಿಯಲ್ಲೇ ಮಲಗಿಬಿಡುತ್ತದೆ, ಗಾಡಿಯನ್ನೇ ಉರುಳಿಸುತ್ತದೆ. ಆ ಎತ್ತು ಏನೂ ಮಾಡಲಿಲ್ಲ. ಪಕ್ಕದ್ದು ಹೆಜ್ಜೆ ಇಟ್ಟಂತೆ ತಾನೂ ಇಟ್ಟು, ಬಂಡಿದಾರಿಯಲ್ಲಿ ಡಾಂಬರು ರಸ್ತೆಯವರೆಗೆ ನಡೆಯಿತು.

ರಸ್ತೆಯಲ್ಲಿ ಕೂಡ್ಲಿಗಿ ಕಡೆ ಹೊರಟ ಜೀಪೊಂದು ನಿಂತಿತು. ಒಳಗಿದ್ದವರು ಪರ ಊರಿನವರು. ಮೈತುಂಬ ರಕ್ತವಾದ ಹೆಂಗಸನ್ನು ಬೇಡವೆನ್ನದೆ ಹತ್ತಿಸಿಕೊಂಡು, ನೀನೂ ಹತ್ತಪ್ಪ ಎಂದರು. ದುರುಗಣ್ಣ ಒಂದು ಕಾಲು ಎತ್ತಿಟ್ಟವನು ತಿರುಗಿ ನೋಡಿದ. ಪಟ್ಟದ ಎತ್ತು ನೊಗ ಹೊತ್ತುಕೊಂಡು ಬಯಲು ರಸ್ತೆಯಲ್ಲಿ ನಿಂತಿತ್ತು. ಹಟ್ಟಿಯ ಯಾರೇ ಆ ದಾರಿಯಲ್ಲಿ ಬಂದರೂ ಕಾಣುವ ಹಾಗೆ. ಅವನು ಕಾಲು ಕೆಳಗಿಟ್ಟ. ನೀವು ನಡೆಯಿರಿ, ಹಿಂದೆಯೇ ಬರುತ್ತೇನೆ ಎಂದು ಹೇಳಿ ಪ್ರಜ್ಞೆ ತಪ್ಪಿದ ಅಕ್ಕನನ್ನು ಗುರುತಿಲ್ಲದವರ ಕೈಗೆ ಬಿಟ್ಟ.

ಕೆಟ್ಟದ್ದು ಶುರುವಾದದ್ದು ಅಲ್ಲಿಂದ. ಹೋಗುವಾಗ ಬಂಡಿದಾರಿ ಹಿಡಿದವನು ಬರುವಾಗ ಯಾರ ಕಣ್ಣಿಗೂ ಬೀಳಬಾರದೆಂದು ಹಳ್ಳಕ್ಕೆ ಗಾಡಿ ಇಳಿಸಿದ. ಎಂದೂ ಹೊಡೆಯದ ಎತ್ತಿಗೆ ಹೊಡೆದ. ಹಳ್ಳದ ಬಂಡೆಗಳ ಸಂದಿಯಲ್ಲಿ ಪಟ್ಟದ ಎತ್ತಿನ ಮುಂಗಾಲು ಸಿಕ್ಕಿಕೊಂಡಿತು, ಎತ್ತು ಮುಗ್ಗರಿಸಿ ಬಿತ್ತು, ಮೂಳೆ ಮುರಿಯಿತು. ಅವನು ಅದರ ಕೊರಳಿನ ಹಗ್ಗ ಬಿಚ್ಚಿ, ಅದನ್ನು ಅಲ್ಲೇ ಬಿಟ್ಟು, ನೊಗದ ಆ ತುದಿಗೆ ತಾನೇ ಹೆಗಲು ಕೊಟ್ಟು ಗಾಡಿಯನ್ನು ಅಕ್ಕನ ಹೊಲಕ್ಕೆ ಮುಟ್ಟಿಸಿದ. ರಕ್ತ ಕಾಣದಂತೆ ಮಣ್ಣು ಹಾಕಿ ಗಾಡಿ ಉಜ್ಜಿದ. ಆಮೇಲೆ ಕೂಡ್ಲಿಗಿಗೆ ಓಡಿದ.

ಎತ್ತು ಬಿದ್ದಿದ್ದ ಜಾಗ ನಮ್ಮ ಹೊಲದ ಬದುವಿಗೆ ಅಂಟಿಕೊಂಡಿತ್ತು.

ನಮ್ಮಪ್ಪನ ಬಾಯಿ ಸಣ್ಣದಲ್ಲ. ಆ ಬಾಯಿ ನನಗೂ ಬಂದಿದೆ. ಕೆಲವೇ ದಿನಗಳ ಹಿಂದೆ ದೇವರ ಮಂದೆ ನಮ್ಮ ಸೇಂಗಾ ಹೊಲಕ್ಕೆ ನುಗ್ಗಿ ಅರ್ಧ ಬೆಳೆ ತಿಂದಾಗ ಅಪ್ಪ ಕೈಮುಗಿಯಲಿಲ್ಲ. ಹೆಂಟೆ ಎತ್ತಿ ಒಗೆದ, ಇನ್ನೊಮ್ಮೆ ಬಂದರೆ ಕಾಲು ಮುರಿಯುತ್ತೇನೆ ಎಂದು ನಾಲ್ಕು ಜನ ಕೇಳುವಂತೆ ಕೂಗಿದ. ಈಗ ನಮ್ಮ ಬದುವಿನ ಪಕ್ಕದಲ್ಲೇ ಕಾಲು ಮುರಿದ ಎತ್ತು ಸಿಕ್ಕಿತು. ಇದಕ್ಕಿಂತ ಹೆಚ್ಚು ಯಾರಿಗೆ ಬೇಕು?

ಆದರೂ ಹಟ್ಟಿಯ ಯಜಮಾನ ಗಾದೆಪ್ಪ ಆತುರದ ಮನುಷ್ಯನಲ್ಲ. ಕಿಲಾರಿ ಬರಲಿ, ಅವನನ್ನು ಕೇಳದೆ ಏನೂ ಬೇಡ ಎಂದ. ಎರ್ರೆಮ್ಮನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ, ಅವಳ ಜೀವಕ್ಕೆ ಅಪಾಯವಿಲ್ಲ, ಕಣ್ಣು ಒಂದು ಹೋಯಿತು ಎಂಬ ಸುದ್ದಿ ಹೊತ್ತು ದುರುಗಣ್ಣ ಬಂದ. ಎಲ್ಲರೂ ಅವನ ಸುತ್ತ ನೆರೆದರು. ಅಕ್ಕನನ್ನು ಅಷ್ಟು ದೂರ ಹೆಗಲ ಮೇಲೆ ಹೊತ್ತು ನಡೆದನಂತೆ ಎಂದು ಯಾರೋ ಆಗಲೇ ಹಬ್ಬಿಸಿದ್ದರು, ಅವನು ಇಲ್ಲವೆನ್ನಲಿಲ್ಲ. ಗಾದೆಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ನಮ್ಮಪ್ಪನನ್ನು ಎದುರು ನಿಲ್ಲಿಸಿಕೊಂಡು, ಎತ್ತಿನ ಕಾಲು ಹೇಗೆ ಮುರಿಯಿತೆಂದು ನಿನಗೇನಾದರೂ ಗೊತ್ತೇ ಎಂದು ಕೇಳಿದ.

ದುರುಗಣ್ಣ ನೆಲ ನೋಡಿದ. “ನಾ ಅಲ್ಲಿದ್ದಿಲ್ರಿ” ಅಂದ.

ಅಷ್ಟೇ. ಹುಲುಗಣ್ಣ ಹೊಡೆದ ಎಂದು ಅವನು ಹೇಳಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹೇಳಿದ್ದರೆ ನಮ್ಮಪ್ಪ ಅವನ ಕೊರಳಪಟ್ಟಿ ಹಿಡಿದಾದರೂ ಜಗಳ ಆಡುತ್ತಿದ್ದ. ಈ ಮಾತಿಗೆ ಜಗಳ ಆಡುವುದು ಹೇಗೆ? ಅಪ್ಪ ದೇವರ ಮೇಲೆ ಆಣೆ ಇಟ್ಟ, ಯಾರೂ ಕಿವಿಗೊಡಲಿಲ್ಲ. ಅಂದಿನಿಂದ ನಮ್ಮ ಮನೆಗೆ ಹಟ್ಟಿಯ ಯಾರೂ ಬರುವಂತಿಲ್ಲ, ನೀರು ಕೊಡುವಂತಿಲ್ಲ, ಕೊಳ್ಳುವಂತಿಲ್ಲ, ದೇವರ ಕಾರ್ಯಕ್ಕೆ ನಮ್ಮನ್ನು ಕರೆಯುವಂತಿಲ್ಲ ಎಂದಾಯಿತು.

ಜನರ ನಾಟಕ ನೋಡಬೇಕಿತ್ತು. ಕೂಡ್ಲಿಗಿ ಸಂತೆಯಲ್ಲಿ ಅಪ್ಪನ ಬೀಡಿಯಿಂದಲೇ ಬೀಡಿ ಹಚ್ಚಿಕೊಂಡು ಗಂಟೆಗಟ್ಟಲೆ ಹರಟುವವರು ಹಟ್ಟಿಗೆ ಬಂದೊಡನೆ ಮುಖ ಮರೆತವರಾಗುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂತವಳು ಮನೆಯ ಮುಂದೆ ನನ್ನನ್ನು ಕಂಡರೆ ಗೋಡೆ ಬದಿಗೆ ಸರಿಯುತ್ತಿದ್ದಳು. ನಮ್ಮಜ್ಜಿ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಹಟ್ಟಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಹರಪನಹಳ್ಳಿ ಕಡೆಯ ಅವ್ವನ ತವರಿನವರು ಬರುವವರೆಗೆ ಅಪ್ಪ ಹೆಣದ ಪಕ್ಕ ಒಬ್ಬನೇ ಕೂತಿದ್ದ. ನಾವು ಹೊರಟಾಗ ದೂರದ ದಿಬ್ಬದ ಮೇಲೆ ದುರುಗಣ್ಣ ಕಂಬಳಿ ಹೊದ್ದು ನಿಂತಿದ್ದ. ಅವನು ಯಾಕೆ ನಿಂತಿದ್ದಾನೆ ಎಂದು ನಾನು ಕೇಳಿದೆ. ಅವ್ವ ಅವನ ಕಡೆ ನೋಡದೆ, ನೋಡಿಕೊಳ್ಳಲಿ ಬಿಡು ಅಂದಳು.

ಅವನು ನಮ್ಮ ಮನೆಯ ಹತ್ತಿರಕ್ಕೂ ಬರುತ್ತಿದ್ದ. ಬೇಲಿಯಾಚೆ ನಿಂತು ‘ಹುಲುಗಣ್ಣ’ ಎಂದು ಕರೆಯುತ್ತಿದ್ದ. ಅಪ್ಪ ಹೊರಗೆ ಬಂದರೆ, ದನ ಏನಾದರೂ ಈ ಕಡೆ ಬಂದಿವೆಯೇ ಎಂದು ಕೇಳಿ ಹೊರಟುಬಿಡುತ್ತಿದ್ದ. ದನ ಎಲ್ಲಿವೆಯೆಂದು ತಿಳಿಯದವನು ಎಂಥ ಕಿಲಾರಿ? ನಮ್ಮ ಮೇಲೆ ಕಣ್ಣಿಡಲು ಬರುತ್ತಾನೆ ಎಂದು ಅವ್ವ ಹಲ್ಲು ಕಡಿಯುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ. ಇಂದು ಹೇಳಬೇಕು, ಇಲ್ಲ ನಾಳೆ, ಈ ದೀಪಾವಳಿ ಕಳೆಯಲಿ, ಅಕ್ಕ ಇನ್ನಷ್ಟು ಚೇತರಿಸಿಕೊಳ್ಳಲಿ ಎಂದು ಮನಸ್ಸಿನಲ್ಲೇ ಮುಂದೂಡುತ್ತಿದ್ದನೆಂದು ಯಾರಿಗೆ ಗೊತ್ತು? ಅವನ ಒದ್ದಾಟದಿಂದ ನಮ್ಮ ಮನೆಗೆ ಕಾಸಿನ ಉಪಯೋಗವಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಪಟ್ಟದ ಎತ್ತು ಮಾತ್ರ ಸಾಯಲಿಲ್ಲ. ದುರುಗಣ್ಣ ಬಿದಿರು ದಬ್ಬೆ ಕಟ್ಟಿ ಅದರ ಕಾಲು ಕೂಡಿಸಿದ. ಕುಂಟುತ್ತಲೇ ಅದು ಮತ್ತೆ ಮಂದೆಯ ಮುಂದೆ ನಡೆಯಿತು. ಹುರುಳಿ ಬೇಯಿಸಿ ತಿನ್ನಿಸುತ್ತಿದ್ದ, ಬೇಸಿಗೆಯಲ್ಲಿ ನೀರು ಹೊತ್ತು ತಂದು ಮೈ ತೊಳೆಯುತ್ತಿದ್ದ, ಮೈಲಾರದಿಂದ ತಂದ ಅರಿಶಿನದ ಭಂಡಾರವನ್ನು ದಿನವೂ ಅದರ ಹೆಗಲಿಗೆ ಹಚ್ಚುತ್ತಿದ್ದ. ನೋಡಿದ ಜನ ಇಂಥ ಭಕ್ತ ಹುಟ್ಟಿಲ್ಲ ಎಂದರು. ಕೊಟ್ಟೂರು ಕಡೆಯಿಂದಲೂ ಬಂದು ಅವನ ಕಾಲು ಮುಟ್ಟಿದರು. ಅವನು ಬೆಂಕಿ ತಾಗಿದವನ ಹಾಗೆ ಕಾಲು ಹಿಂದೆಳೆದುಕೊಂಡರೆ ಅದನ್ನು ವಿನಯವೆಂದು ಹೊಗಳಿದರು. ಎತ್ತಿನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಎತ್ತು ಸತ್ತ ದಿನ ಅವನು ಗುಂಡಿಗೆ ಇಳಿಯಬೇಕು, ಹೆಗಲ ಮೇಲೆ ಕೈಯಿಟ್ಟು ಆ ಮಾತು ಹೇಳಬೇಕು. ಹೇಳಿದರೆ ದೇವರ ಎದುರು ಸುಳ್ಳು, ಹೇಳದಿದ್ದರೆ ಜನರ ಎದುರು ಬೆತ್ತಲೆ. ಆ ಎತ್ತಿನ ಉಸಿರಿನ ಮೇಲೆ ಅವನ ಉಸಿರು ನಿಂತಿತ್ತು.

ಎಷ್ಟೋ ಸಲ ಬರಿಗಾಲಲ್ಲಿ ಮೈಲಾರಕ್ಕೆ ನಡೆದು ಹೋಗಿ ಲಿಂಗಪ್ಪ ದೇವರ ಮುಂದೆ ಬೋರಲು ಬಿದ್ದು ಅತ್ತು ಬಂದ. ಕೊಟ್ಟೂರಿನಲ್ಲಿ ಹರಕೆ ತೀರಿಸಿದ. ವಾರದಲ್ಲಿ ಒಪ್ಪತ್ತು ಊಟ ಬಿಟ್ಟ. ದೇವರ ಮುಂದೆ ತಪ್ಪು ಒಪ್ಪಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ, ದೇವರು ಹಟ್ಟಿ ಕಟ್ಟೆಯ ಮೇಲೆ ಬಂದು ಹೇಳುವುದಿಲ್ಲ. ಅಲ್ಲಿಂದ ಹಗುರಾಗಿ ಬಂದವನು ನಮ್ಮ ಬೇಲಿ ಕಂಡೊಡನೆ ಮತ್ತೆ ಭಾರವಾಗುತ್ತಿದ್ದ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಎತ್ತು ನೆಲ ಹಿಡಿಯಿತು. ಮೇವು ಬಿಟ್ಟಿತು, ಏಳಲಾರದಾಯಿತು. ದುರುಗಣ್ಣ ಒದ್ದೆ ಗೋಣಿಚೀಲ ಹೊದಿಸಿ, ಬಾಯಿಗೆ ಗಂಜಿ ಬಿಟ್ಟು, ಹಗಲಿಡೀ ಅದರ ತಲೆಯ ಹತ್ತಿರ ಕೂತ. ಮಧ್ಯಾಹ್ನ ಎರ್ರೆಮ್ಮ ರೊಟ್ಟಿ ಕಟ್ಟಿಕೊಂಡು ರೊಪ್ಪಕ್ಕೆ ಬಂದಳು. ಕರಡಿ ಹರಿದ ಮುಖದ ಮೇಲೆ ಸೆರಗು ಎಳೆದುಕೊಂಡೇ ಇರುತ್ತಿದ್ದ ಅವಳು ತಮ್ಮನ ಮುಂದೆ ಮಾತ್ರ ತೆಗೆಯುತ್ತಿದ್ದಳು. ಅಂದಿನ ಮಾತುಗಳನ್ನು ಅವಳು ನನಗೆ ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

“ಇದು ಇನ್ನ ಏಳಂಗಿಲ್ಲ ದುರುಗ” ಅಂದಳು. “ಬಿಟ್ಟುಕೊಡು.”

“ಬಿಟ್ಟುಕೊಟ್ರ ನಾ ಗುಂಡ್ಯಾಗ ಇಳೀಬೇಕಕ್ಕ.”

“ಗೊತ್ತೈತಿ. ಅವತ್ತು ಗಾಡ್ಯಾಗ ನನಗ ಒಂದು ಕಣ್ಣು ಇತ್ತಲ್ಲ. ನಮ್ಮ ಎತ್ತು ಎರಡೂ ಕೆಂದು. ಮುಂದ ಬಿಳಿ ಬೆನ್ನು ಕಾಣ್ತಿತ್ತು.”

 ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ದುರುಗಣ್ಣ ಕೇಳಿದ. ಎರ್ರೆಮ್ಮ ಅದಕ್ಕೆ ಕೊಟ್ಟ ಉತ್ತರದಲ್ಲಿ ತನ್ನನ್ನೂ ಬಿಡಲಿಲ್ಲ. ನೀನೇ ಹೇಳುತ್ತೀಯೆಂದು ಕಾದೆ, ದೇವರ ಎತ್ತಿಗೆ ನೊಗ ಹೊರಿಸಿ ಬದುಕಿದವಳು ಎಂದು ಜನ ಆಡಿಕೊಳ್ಳುತ್ತಾರೆಂದು ನನಗೂ ನಾಚಿಕೆಯಾಯಿತು, ಹುಲುಗಣ್ಣನ ತಾಯಿಯ ಹೆಣ ಹೋಗುವಾಗಲೂ ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದೆ ಎಂದಳು. ನಾವಿಬ್ಬರೂ ಒಂದೇ ಗೂಟಕ್ಕೆ ಕಟ್ಟಿದ ದನ ಎಂದಳು.

ದುರುಗಣ್ಣ ಅತ್ತ. ದೇವರ ಹೆಗಲಿಗೆ ನೊಗ ಇಟ್ಟ ಪಾಪಿ ನಾನು, ಹೇಳಿದರೆ ಮಂದೆ ಕಿತ್ತುಕೊಳ್ಳುತ್ತಾರೆ, ದನ ಕಾಯುವುದೊಂದು ಬಿಟ್ಟು ನನಗೆ ಏನೂ ಬರುವುದಿಲ್ಲ ಎಂದ. ಆಗ ಎರ್ರೆಮ್ಮ ಹೇಳಿದ್ದು ಇದು.

“ನೊಗ ಇಟ್ಟಾಗ ದೇವ್ರು ಬ್ಯಾಡ ಅಂದಿದ್ರ ಆ ಎತ್ತು ಒಂದು ಹೆಜ್ಜಿ ಇಡ್ತಿದ್ದಿಲ್ಲ. ಇಟ್ಟೈತಿ. ರಸ್ತಿ ಮುಟ್ಟೋತನ ನಡದೈತಿ. ಆವತ್ತು ಅದರ ಹೆಗಲ ಮ್ಯಾಗ ದೇವ್ರ ಒಪ್ಪಿಗಿ ಇತ್ತು, ನಾ ಅದನ್ನ ನಂಬೀನಿ. ಅದರ ಕಾಲು ಮುರದದ್ದು ನನ್ನ ಒಯ್ಯುವಾಗ ಅಲ್ಲ. ಬಂಡಿದಾರ್ಯಾಗ ಹೋದ ಗಾಡಿ ಹಳ್ಳಕ್ಕ ಯಾಕ ಇಳೀತು? ನೀ ಮುಚ್ಚಿಡಾಕ ಓಡಿದಿ, ಅದಕ್ಕ ಮುರೀತು. ಇಷ್ಟು ವರ್ಷ ತಪ್ಪಲ್ಲದ್ದಕ್ಕ ಮೈಲಾರಕ್ಕ ಹೋಗಿ ಅತ್ತಿ. ತಪ್ಪಾಗಿದ್ದು ಹುಲುಗಣ್ಣನ ಮನ್ಯಾಗೈತಿ, ಅಲ್ಲಿಗೊಂದು ಹೋಗ್ಲಿಲ್ಲ.”

ಮತ್ತೆ ಹೇಳಿದಳು. “ನನ್ನ ಜೀವ ಹುಲುಗಣ್ಣನ ಹೆಗಲ ಮ್ಯಾಗ ಹೇರಿದಿ. ಇಳಸು. ನನಗ ಅಲ್ಲಿ ಕುಂತು ಸಾಕಾಗೈತಿ.”

 ದುರುಗಣ್ಣ ಎತ್ತಿನ ಮೇಲಿನ ಒದ್ದೆ ಚೀಲ ತೆಗೆದ. ಬಾಯಿಗೆ ಬಲವಂತವಾಗಿ ಗಂಜಿ ಬಿಡುವುದನ್ನು ನಿಲ್ಲಿಸಿದ. ಮಾರನೆಯ ಬೆಳಿಗ್ಗೆ ಎತ್ತು ಅವನ ತೊಡೆಯ ಮೇಲೆ ತಲೆಯಿಟ್ಟು ತಣ್ಣಗಾಯಿತು.

ಗುಂಡಿ ತೋಡಿದ್ದು ಹಳ್ಳದ ದಂಡೆಯಲ್ಲಿ, ದೇವರ ದನಗಳನ್ನು ಮೊದಲಿನಿಂದ ಮಣ್ಣು ಮಾಡುವ ಜಾಗದಲ್ಲಿ. ನಮ್ಮ ಹೊಲದಿಂದ ಎಲ್ಲ ಕಾಣುತ್ತದೆ. ಕರೆಯದ ಕಾರ್ಯಕ್ಕೆ ಹೋಗುವಂತಿಲ್ಲ, ಆದರೆ ನಮ್ಮ ಬದುವಿನ ಮೇಲೆ ನಿಲ್ಲಬೇಡಿ ಎನ್ನಲು ಯಾರಪ್ಪನ ಮನೆಯ ಗಂಟು? ಅಪ್ಪ, ಅವ್ವ, ನಾನು ನಿಂತೆವು. ಅವ್ವ ಹೊಲದ ಕೆಲಸಕ್ಕೆಂದು ತಂದ ನೀರಿನ ಕೊಡ ಜಾಲಿಯ ನೆರಳಿನಲ್ಲಿತ್ತು. ಹಟ್ಟಿಯವರೆಲ್ಲ ಡೋಲು ಬಡಿಯುತ್ತ ಎತ್ತನ್ನು ತಂದರು. ಹೊಸ ಬಟ್ಟೆ ಹೊದಿಸಿ, ಭಂಡಾರ ಎರಚಿ ಗುಂಡಿಗೆ ಇಳಿಸಿದರು. ಬಿಸಿಲು ಕೆಂಡವಾಗಿತ್ತು.

ದುರುಗಣ್ಣ ಗುಂಡಿಗೆ ಇಳಿದ. ಮಂಡಿಯೂರಿ ಹೆಗಲ ಮೇಲಿನ ಬಟ್ಟೆ ಸರಿಸಿದ. ಬಲಗೈ ಇಟ್ಟ. ಡೋಲು ನಿಂತಿತು. ಹೇಳಬೇಕಾದ ಮಾತು ಬರಲಿಲ್ಲ. ದುಃಖ ತಡೆಯಲಾಗುತ್ತಿಲ್ಲವೆಂದು ತಿಳಿದು ಗಾದೆಪ್ಪ ಮೇಲಿನಿಂದ ಮೆಲ್ಲಗೆ ಧೈರ್ಯ ಹೇಳಿದ.  ನನಗೆ ದುರುಗಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು.

“ಈ ಹೆಗಲು ನೊಗ ಕಂಡೈತಿ” ಅಂದ.

ಸರಿಯಾಗಿ ಕೇಳಿಸದವರು ಪಕ್ಕದವರನ್ನು ಕೇಳಿದರು. ಅವನು ಎತ್ತಿನ ಮೇಲಿನ ಕೈ ತೆಗೆಯದೆ ತಲೆ ಮಾತ್ರ ಮೇಲೆತ್ತಿ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ನೊಗ ಇಟ್ಟವನು ನಾನು, ಹಳ್ಳದಲ್ಲಿ ಹೊಡೆದು ಓಡಿಸಿ ಕಾಲು ಮುರಿದವನು ನಾನು, ಹುಲುಗಣ್ಣ ಈ ಎತ್ತಿಗೆ ಬೆರಳು ತಾಗಿಸಿಲ್ಲ, ಅಂದು ಅಲ್ಲಿರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಒಂದಾದ ಮೇಲೊಂದು, ಏನನ್ನೂ ಬಿಡದೆ, ನಮ್ಮ ಬದುವಿನವರೆಗೆ ಕೇಳುವಂತೆ ಹೇಳಿದ. ಯಾರೋ ಕಿಲಾರಿಗೆ ಬಿಸಿಲು ಹೊಡೆದಿದೆ ಎಂದರು. ಆಗ ಎರ್ರೆಮ್ಮ ಮುಂದೆ ಬಂದು, ಎಲ್ಲರೆದುರು ಮುಖದ ಸೆರಗು ತೆಗೆದು, ಆ ಗಾಡಿಯಲ್ಲಿದ್ದವಳು ನಾನು ಎಂದಳು. 

ದುರುಗಣ್ಣ ಗುಂಡಿಯಿಂದ ಹತ್ತಿ ಬಂದು ಹೆಗಲ ಕಂಬಳಿ, ಕೈಯ ಕೋಲು ಎರಡನ್ನೂ ಗಾದೆಪ್ಪನ ಕಾಲ ಬುಡದಲ್ಲಿ ಇಟ್ಟ. ಗಾದೆಪ್ಪ ಬಗ್ಗಿ ಎರಡನ್ನೂ ಎತ್ತಿಕೊಂಡ. ನಿರಪರಾಧಿಗೆ ಶಿಕ್ಷೆ ಹೇಳಿದ್ದು ಅವನ ಬಾಯಿಯೇ ಅಲ್ಲವೇ? ಇನ್ನು ಮುಂದೆ ದುರುಗಣ್ಣ ಕಿಲಾರಿಯಲ್ಲ, ಹುಲುಗಣ್ಣನಿಗೆ ಹಾಕಿದ ಬಹಿಷ್ಕಾರದ ಕಟ್ಟು ಇಂದಿನಿಂದ ದುರುಗಣ್ಣನಿಗೆ, ಹುಲುಗಣ್ಣ ಬಂದು ಮೊದಲ ಹಿಡಿ ಮಣ್ಣು ಹಾಕಬೇಕು ಎಂದು ಹೇಳಿ ನಮ್ಮ ಕಡೆ ತಿರುಗಿ ಅಪ್ಪನ ಹೆಸರು ಕರೆದ.

ಅಪ್ಪ ಹೋಗಲಿಲ್ಲ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತಲೆಯ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಜ್ಜಿ ಸತ್ತಾಗಲೂ ನಾನು ಅವನು ಅತ್ತದ್ದು ಕಂಡಿರಲಿಲ್ಲ. ಗಾದೆಪ್ಪ ತಾನೇ ನಡೆದು ಬಂದ. ಆ ವಯಸ್ಸಿನ ಮನುಷ್ಯ ಹಳ್ಳ ದಾಟಿ, ಬದು ಹತ್ತಿ, ಅಪ್ಪನ ಮುಂದೆ ಕೈಮುಗಿದು ನಿಂತ. ಅಪ್ಪ ಅವನ ಮುಖ ನೋಡಲಿಲ್ಲ. “ಎತ್ತಿಂದೇನು ತಪ್ಪೈತಿ” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದು ಹೋಗಿ, ಬೊಗಸೆ ತುಂಬ ಮಣ್ಣು ಹಾಕಿ ಬಂದ.

ಹಟ್ಟಿಯವರೆಲ್ಲ ಮಣ್ಣು ಹಾಕಿದರು. ದುರುಗಣ್ಣನಿಗೆ ಹಾಕಲು ಬಿಡಲಿಲ್ಲ. ಅವನು ದೂರ ಸರಿದು ಬಂಡೆಯೊಂದರ ಮೇಲೆ ಬರಿಮೈಯಲ್ಲಿ ಕೂತ. ಗುಂಡಿ ತೋಡಿದ್ದರಲ್ಲಿ ಅವನ ಪಾಲೇ ಹೆಚ್ಚು. ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ಡೋಲಿನವರಿಗೆ, ಗುದ್ದಲಿ ಹಿಡಿದವರಿಗೆ ನೀರಿನ ಚೊಂಬು ಕೈಯಿಂದ ಕೈಗೆ ಹೋಗುತ್ತಿತ್ತು. ಅವನ ಹತ್ತಿರ ಬಂದಾಗ ಹಿಡಿದವನು ಸುತ್ತು ಹಾಕಿ ದಾಟಿಕೊಂಡು ಹೋದ. ನಿನ್ನೆಯವರೆಗೆ ಅವನ ಕಾಲು ಮುಟ್ಟುತ್ತಿದ್ದ ಕೈಗಳು ಅವು. ಎರ್ರೆಮ್ಮ ಚೊಂಬಿಗೆ ಕೈ ಹಾಕಿದಳು. ಗಾದೆಪ್ಪ ಬೇಡವೆಂದು ತಲೆಯಾಡಿಸಿದ.

ನನಗೆ ಒಳಗೊಳಗೆ ಹಿಗ್ಗಾಯಿತು. ಸುಳ್ಳು ಹೇಳುವುದಿಲ್ಲ. ಅನುಭವಿಸಲಿ ಅನ್ನಿಸಿತು.

ಪಕ್ಕದಲ್ಲಿ ನೋಡಿದರೆ ಅವ್ವ ಇರಲಿಲ್ಲ. ಜಾಲಿಯ ನೆರಳಿನ ಕೊಡದಿಂದ ಚೊಂಬು ತುಂಬಿಕೊಂಡು ಹಳ್ಳ ದಾಟುತ್ತಿದ್ದಳು.  ಅವಳು ನೇರ ದುರುಗಣ್ಣನ ಮುಂದೆ ಹೋಗಿ ನಿಂತು ಚೊಂಬು ಚಾಚಿದಳು. ಅವನು ಕೈ ಹಿಂದೆಳೆದುಕೊಂಡ. ನಿಮ್ಮ ಕೈಯಿಂದ ತೆಗೆದುಕೊಳ್ಳುವ ಮುಖ ನನಗಿಲ್ಲ ತಂಗಿ ಎಂದ.

“ನಿನ್ನ ಮ್ಯಾಲ ನನಗ ಸಿಟ್ಟೈತಿ” ಅಂದಳು ಅವ್ವ. “ಸಾಯೋತನ ಇರ್ತೈತಿ. ಆದ್ರ ನೀರು ಕೊಡದಿದ್ರ ಹೆಂಗಾಕ್ಕೈತಿ ಅಂತ ಈ ಹಟ್ಟ್ಯಾಗ ನಮ್ಮ ಮನಿಗೊಂದ ಗೊತ್ತೈತಿ. ಕುಡಿ.”

ಅವನು ಎರಡೂ ಕೈಯಲ್ಲಿ ಚೊಂಬು ಹಿಡಿದ. ಅಳುತ್ತ ಕುಡಿದದ್ದರಿಂದ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಈ ಸಲ ಗಾದೆಪ್ಪ ಬೇಡವೆನ್ನಲಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅವ್ವನನ್ನು ಬೈದಾನು, ಬೈಯಲಿ ಎಂದುಕೊಂಡೆ. ಅಪ್ಪ ದುರುಗಣ್ಣನ ಕಡೆ ಬೆನ್ನು ತಿರುಗಿಸಿ ಕೂತಿದ್ದ. ತಿರುಗದೆಯೇ, ಟವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತ ನನಗೆ ಹೇಳಿದ.

“ಒಂದು ಚೊಂಬು ಅವ್ನಿಗೆ ಸಾಲಂಗಿಲ್ಲ. ಇನ್ನೊಂದು ಒಯ್ದು ಕೊಡು ಹೋಗವ್ವ.”

ನನಗೆ ಮನಸ್ಸಿರಲಿಲ್ಲ. ಆದರೂ ಹೋಗಿ ಕೊಟ್ಟು ಬಂದೆ.